ಬೆಣ್ಣೆಹಣ್ಣಿನ ಗ್ವಾಕಮೋಲೆ ಮಾಡುವ ವಿಧಾನ: ಒಂದು ಸಮಗ್ರ ಮಾರ್ಗದರ್ಶಿ

ಬೆಣ್ಣೆಹಣ್ಣೆಂದರೆ ಹಾಲು, ಸಕ್ಕರೆ ಸೇರಿಸಿ ಮಿಕ್ಸಿಯಲ್ಲಿ ತಿರುಗಿಸಿ ಕುಡಿಯುವ ಬಟರ್ ಫ್ರೂಟ್ ಜ್ಯೂಸ್ ಎಂದೇ ನಮ್ಮಲ್ಲಿ ಬಹಳ ಜನರ ರೂಢಿ. ಈ ಹಣ್ಣಿನ ತವರಾದ ಮೆಕ್ಸಿಕೊದಲ್ಲಿ ಮಾತ್ರ ಅದು ಉಪ್ಪು, ಹಸಿಮೆಣಸಿನಕಾಯಿ ಮತ್ತು ಈರುಳ್ಳಿಯ ಜೊತೆಗಾರ. ಅಲ್ಲಿನ ಮೂಲನಿವಾಸಿಗಳ ನಾವಾಟ್ಲ್ ಭಾಷೆಯಲ್ಲಿ ‘ಆವಾಕಾಟ್ಲ್’ ಎಂದರೆ ಬೆಣ್ಣೆಹಣ್ಣು, ‘ಮೋಲ್ಲಿ’ ಎಂದರೆ ಗೊಜ್ಜು ಅಥವಾ ಸಾಸ್. ಇವೆರಡೂ ಕೂಡಿದ ‘ಆವಾಕಾಮೋಲ್ಲಿ’ ಸ್ಪ್ಯಾನಿಷರ ನಾಲಿಗೆಯಲ್ಲಿ ಗ್ವಾಕಮೋಲೆ ಆಯಿತು. ಹಣ್ಣಿನ ತಿರುಳನ್ನು ಕಿವುಚಿ ಮಾಡುವ, ಚಿಪ್ಸ್ ಅಥವಾ ರೊಟ್ಟಿ ಅದ್ದಿ ತಿನ್ನುವ ಬೇಯಿಸದ ಗೊಜ್ಜು ಇದು. ಹಣ್ಣು, ಮೆಣಸಿನಕಾಯಿ, ಟೊಮೆಟೊ ಆ ನೆಲದವು. ಈರುಳ್ಳಿ, ಕೊತ್ತಂಬರಿ ಮತ್ತು ನಿಂಬೆ ಸ್ಪ್ಯಾನಿಷರೊಡನೆ ಹಡಗೇರಿ ಹೋದವು. ಅದೇ 16ನೇ ಶತಮಾನದಲ್ಲಿ ಮೆಣಸಿನಕಾಯಿ ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಕರಾವಳಿಗೆ ಬಂದಿಳಿಯಿತು. ಹಾಗಾಗಿ ಹಣ್ಣೊಂದನ್ನು ಬಿಟ್ಟರೆ ಈ ತಿನಿಸಿಗೆ ಬೇಕಾದದ್ದೆಲ್ಲ ಈಗಾಗಲೇ ನಿಮ್ಮ ಅಡುಗೆಮನೆಯಲ್ಲಿದೆ.

ಮಾಡುವುದಕ್ಕೆ ಹತ್ತು ನಿಮಿಷ ಸಾಕು. ಆದರೂ ಮೊದಲ ಸಲ ಮಾಡಿದವರಲ್ಲಿ ಹೆಚ್ಚಿನವರಿಗೆ ಅದು ಸಪ್ಪೆಯಾಗಿಯೋ ನೀರಾಗಿಯೋ ಕಹಿಯಾಗಿಯೋ ಬರುವುದುಂಟು. ಇದಕ್ಕೆ ಕಾರಣ, ನಾವು ಅದನ್ನು ಚಟ್ನಿ ಎಂದುಕೊಂಡು ಕೈಹಚ್ಚುವುದು. ಚಟ್ನಿಗೆ ನೀರು ಬೀಳುತ್ತದೆ, ಹುಣಸೆಹುಳಿ ಬೀಳುತ್ತದೆ, ಕೊನೆಗೆ ಇಂಗು ಸಾಸಿವೆಯ ಒಗ್ಗರಣೆ ಬಿದ್ದು ಇದ್ದ ಕೊರತೆಯನ್ನೆಲ್ಲ ಮುಚ್ಚುತ್ತದೆ. ಗ್ವಾಕಮೋಲೆಗೆ ನೀರೂ ಇಲ್ಲ, ಬೆಂಕಿಯೂ ಇಲ್ಲ, ಒಗ್ಗರಣೆಯಂತೂ ಇಲ್ಲವೇ ಇಲ್ಲ. ಬಿಸಿ ತಾಗಿದರೆ ಬೆಣ್ಣೆಹಣ್ಣಿನ ತಿರುಳು ಕಹಿಯಾಗುತ್ತದೆ. ಹಣ್ಣು ಹೇಗಿದೆಯೋ ತಿನಿಸೂ ಹಾಗೆಯೇ. ಆದ್ದರಿಂದ ಈ ಬರಹದ ದೊಡ್ಡ ಪಾಲು ಹಣ್ಣಿಗೇ ಸಲ್ಲುತ್ತದೆ.

ಹಣ್ಣನ್ನು ಆರಿಸುವುದು ಮತ್ತು ಮಾಗಿಸುವುದು

ನಮ್ಮ ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಬೆಣ್ಣೆಹಣ್ಣು ಸಿಗುತ್ತದೆ. ಒಂದು ಹಾಸ್ ತಳಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಂಚೆಯವನಾಗಿದ್ದ ರುಡಾಲ್ಫ್ ಹಾಸ್ ಎಂಬಾತನ ತೋಟದಲ್ಲಿ ಹುಟ್ಟಿ, 1935ರಲ್ಲಿ ಪೇಟೆಂಟ್ ಪಡೆದ ಈ ತಳಿಯೇ ಇಂದು ಜಗತ್ತಿನ ವ್ಯಾಪಾರದಲ್ಲಿ ಮುಂದಿದೆ. ಮೆಕ್ಸಿಕೊದ ಮಿಚೊಆಕಾನ್ ರಾಜ್ಯದ ಬೆಟ್ಟದ ತೋಟಗಳಲ್ಲಿ ಬೆಳೆದು ರಫ್ತಾಗುವುದೂ ಹೆಚ್ಚಾಗಿ ಇದೇ. ಭಾರತಕ್ಕೆ ಇದು ತಾಂಜಾನಿಯಾದಂಥ ದೇಶಗಳಿಂದ ಬರುತ್ತದೆ. ಇದರ ಸಿಪ್ಪೆ ದಪ್ಪ ಮತ್ತು ಗುಳ್ಳೆಗುಳ್ಳೆ. ಕಾಯಿಯಾಗಿದ್ದಾಗ ಹಸಿರು, ಕಳಿತಾಗ ನೇರಳೆ ಬೆರೆತ ಕಪ್ಪು. ತಿರುಳಿನಲ್ಲಿ ಕೊಬ್ಬು ಹೆಚ್ಚು, ನೀರು ಕಡಿಮೆ.

ಇನ್ನೊಂದು ನಮ್ಮ ಕೊಡಗಿನ ಹಣ್ಣು. ಕಾಫಿ ತೋಟಗಳ ನಡುವೆ ನಿಂತ ಎತ್ತರದ ಮರಗಳಿಂದ ಮಳೆಗಾಲದ ತಿಂಗಳುಗಳಲ್ಲಿ ಮೈಸೂರು, ಬೆಂಗಳೂರುಗಳ ಪೇಟೆಗೆ ಬರುವ ಇದು ನುಣುಪು ಸಿಪ್ಪೆಯದು, ಗಾತ್ರದಲ್ಲಿ ದೊಡ್ಡದು, ಬೆಲೆಯಲ್ಲಿ ಅಗ್ಗ. ಬೀಜದಿಂದ ಎದ್ದ ಮರಗಳೇ ಹೆಚ್ಚಾದುದರಿಂದ ಒಂದು ಮರದ ಹಣ್ಣಿನಂತೆ ಇನ್ನೊಂದು ಮರದ್ದು ಇರುವುದಿಲ್ಲ. ಒಂದು ಬೆಣ್ಣೆಯಂತಿದ್ದರೆ ಮತ್ತೊಂದು ಬೆಂದ ಸೋರೆಕಾಯಿಯಂತೆ ನೀರು ಬಿಡುತ್ತದೆ. ಈ ಏರುಪೇರನ್ನು ತಪ್ಪಿಸಲೆಂದು ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವು ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ಎಂಬ ತಳಿಗಳನ್ನು ಆರಿಸಿ ಕೊಟ್ಟಿದೆ. ಗ್ವಾಕಮೋಲೆಗೆ ಹಾಸ್ ಸುಲಭ ಎಂಬುದು ನಿಜ, ಆದರೆ ಊರಿನ ಹಣ್ಣಿನಲ್ಲಿ ಆಗುವುದೇ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೈಹದ ಸ್ವಲ್ಪ ಬೇರೆ, ಅಷ್ಟೇ. ಅದನ್ನು ಮುಂದೆ ಹೇಳುತ್ತೇನೆ.

ಬೆಣ್ಣೆಹಣ್ಣು ಮರದ ಮೇಲೆ ಹಣ್ಣಾಗುವುದಿಲ್ಲ. ಮರದಲ್ಲಿ ಬಲಿಯುತ್ತದೆ, ಕಿತ್ತ ಮೇಲೆಯೇ ಮೆತ್ತಗಾಗುತ್ತದೆ. ಹೀಗಾಗಿ ಅಂಗಡಿಯಲ್ಲಿ ಕಲ್ಲಿನಂತಹ ಕಾಯಿ ಸಿಕ್ಕರೆ ಬೇಸರಪಡಬೇಕಾಗಿಲ್ಲ. ಹತ್ತು ಜನ ಹೆಬ್ಬೆಟ್ಟಿನಲ್ಲಿ ಒತ್ತಿ ಒಳಗೊಳಗೇ ಕಪ್ಪಾಗಿಸಿದ ಹಣ್ಣಿಗಿಂತ ಅದೇ ಮೇಲು. ಮನೆಗೆ ತಂದು ಅಡುಗೆಮನೆಯ ಮೂಲೆಯಲ್ಲಿಟ್ಟರೆ 3ರಿಂದ 6 ದಿನಗಳಲ್ಲಿ ಹದಕ್ಕೆ ಬರುತ್ತದೆ. ಬೇಗ ಬೇಕಿದ್ದರೆ ಕಾಗದದ ಚೀಲದಲ್ಲಿ ಒಂದು ಕಳಿತ ಬಾಳೆಹಣ್ಣಿನ ಜೊತೆ ಸುತ್ತಿಡಬೇಕು. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಮಾಗುವಿಕೆಯನ್ನು ಚುರುಕುಗೊಳಿಸುತ್ತದೆ. ಮಾವಿನಕಾಯಿಯನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುತ್ತಿದ್ದ ಹಿರಿಯರ ಉಪಾಯದ ಹಿಂದೆಯೂ ಇದೇ ಅನಿಲವನ್ನು ಹಿಡಿದಿಡುವ ಜಾಣತನವಿದೆ, ಅದು ಇಲ್ಲಿಯೂ ಫಲಿಸುತ್ತದೆ. ಕಾಯಿಯನ್ನು ಫ್ರಿಜ್‌ನಲ್ಲಿ ಇಡಬಾರದು, ಮಾಗುವುದು ನಿಂತು ತಿರುಳು ಕಂದುತ್ತದೆ. ಹಣ್ಣಾದ ಮೇಲೆ ಇಡಬಹುದು. ಎರಡು ಮೂರು ದಿನ ಅದೇ ಹದದಲ್ಲಿ ಕಾಯುತ್ತದೆ.

ಹದ ನೋಡುವ ರೀತಿ ಹೀಗೆ. ಹಣ್ಣನ್ನು ಅಂಗೈಯಲ್ಲಿಟ್ಟು ಐದೂ ಬೆರಳುಗಳಿಂದ ಮೆಲ್ಲಗೆ ಹಿಡಿಯಬೇಕು. ತೊಟ್ಟಿನ ಬಳಿ ತುಸು ಒಳಗೆ ಹೋಗಿ, ಕೈ ಬಿಟ್ಟಾಗ ಗುಳಿ ಉಳಿಯದಿದ್ದರೆ ಸರಿಯಾದ ಹದ. ತೊಟ್ಟಿನ ಗುಂಡಿಯನ್ನು ಉಗುರಿನಿಂದ ಎಬ್ಬಿಸಿದಾಗ ಅದು ಸಲೀಸಾಗಿ ಕಳಚಿಕೊಂಡು ಕೆಳಗೆ ತಿಳಿಹಸಿರು ಕಂಡರೆ ಒಳಗೂ ಚೆನ್ನಾಗಿರುತ್ತದೆ, ಕಂದು ಕಂಡರೆ ಮೀರಿದೆ ಎಂದು ತಿಳಿಯಬೇಕು. ಊರಿನ ಹಣ್ಣು ಬಹುಮಟ್ಟಿಗೆ ಬಣ್ಣ ತಿರುಗುವುದಿಲ್ಲ, ಹಣ್ಣಾದಾಗಲೂ ಹಸಿರಾಗಿಯೇ ಇರುತ್ತದೆ. ಆದರೆ ಕಿವಿಯ ಬಳಿ ಹಿಡಿದು ಅಲುಗಿಸಿದರೆ ಎಷ್ಟೋ ಹಣ್ಣುಗಳಲ್ಲಿ ಬೀಜ ಒಳಗೆ ಗುಡುಗುಡು ಎನ್ನುತ್ತದೆ. ದೋರಗಾಯಿಯನ್ನು ಆತುರದಿಂದ ಕತ್ತರಿಸಿದರೆ ಅದು ಕಿವುಚಲು ಬಾರದು, ರುಚಿಯೂ ಹಸಿ ಕುಂಬಳದಂತೆ. ನೆಂಟರು ಬರುವ ದಿನ ಗೊತ್ತಿದ್ದರೆ ನಾಲ್ಕೈದು ದಿನ ಮೊದಲೇ ಹಣ್ಣು ತರುವುದು ಒಳ್ಳೆಯದು.

ಉಳಿದ ಸಾಮಗ್ರಿ

ನಾಲ್ವರಿಗೆ ಮಧ್ಯಮ ಗಾತ್ರದ 3 ಹಾಸ್ ಹಣ್ಣು ಬೇಕು, ಇವುಗಳಿಂದ ಸುಮಾರು 400 ಗ್ರಾಂ ತಿರುಳು ಬರುತ್ತದೆ. ಕೊಡಗಿನ ಹಣ್ಣಾದರೆ ದೊಡ್ಡದೊಂದು ಅಥವಾ ಸಾಧಾರಣ ಗಾತ್ರದ ಎರಡು ಸಾಕು. ಇಷ್ಟು ತಿರುಳಿಗೆ ಸಣ್ಣಗೆ ಹೆಚ್ಚಿದ ಈರುಳ್ಳಿ 3 ದೊಡ್ಡ ಚಮಚ, ಹಸಿಮೆಣಸಿನಕಾಯಿ 1ರಿಂದ 2, ಎಳೆಯ ದಂಟಿನ ಸಮೇತ ಹೆಚ್ಚಿದ ಕೊತ್ತಂಬರಿ ಸೊಪ್ಪು 3 ದೊಡ್ಡ ಚಮಚ, ಕಲ್ಲುಪ್ಪು ಮುಕ್ಕಾಲು ಸಣ್ಣ ಚಮಚ, ನಿಂಬೆರಸ 2 ಸಣ್ಣ ಚಮಚ. ಟೊಮೆಟೊ ಬೇಕೆನಿಸಿದರೆ ಗಟ್ಟಿಯಾದ ಒಂದು ಸಣ್ಣ ಹಣ್ಣು.

ಮೆಕ್ಸಿಕೊದಲ್ಲಿ ಇದಕ್ಕೆ ಬಿಳಿ ಈರುಳ್ಳಿ ಮತ್ತು ಸೆರಾನೊ ಎಂಬ ಗಿಡ್ಡ ಹಸಿಮೆಣಸು ಬಳಸುತ್ತಾರೆ, ಕೆಲವರು ಹಲಪೆನ್ಯೊ ಹಾಕುತ್ತಾರೆ. ನಮ್ಮ ಕೆಂಪು ಈರುಳ್ಳಿಯ ಘಾಟು ಹೆಚ್ಚು; ಹೆಚ್ಚಿದ ಮೇಲೆ ಜರಡಿಯಲ್ಲಿ ಹಾಕಿ ತಣ್ಣೀರಿನಲ್ಲಿ ಒಮ್ಮೆ ತೊಳೆದು, ಬಟ್ಟೆಯಲ್ಲಿ ಒತ್ತಿ ನೀರು ತೆಗೆದರೆ ಅದು ಹಣ್ಣಿನ ಮೇಲೆ ಸವಾರಿ ಮಾಡುವುದಿಲ್ಲ. ಮೆಣಸಿನಕಾಯಿಯಲ್ಲಿ ತೆಳ್ಳಗಿನ ಖಾರದ್ದಕ್ಕಿಂತ ತುಸು ದಪ್ಪ ಸಿಪ್ಪೆಯ, ಹಸಿರು ಪರಿಮಳವಿರುವ ಕಾಯಿಯೇ ಸೊಗಸು. ನಿಂಬೆಯ ವಿಷಯದಲ್ಲಿ ನಾವು ಅದೃಷ್ಟವಂತರು: ಮೆಕ್ಸಿಕೊದವರು ‘ಲಿಮೋನ್’ ಎನ್ನುವ ತೆಳುಸಿಪ್ಪೆಯ ಪುಟ್ಟ ಹಣ್ಣು ಮತ್ತು ನಮ್ಮ ಸಂತೆಯ ನಿಂಬೆಹಣ್ಣು ಒಂದೇ ಜಾತಿಯವು, ಅದು ಏಷ್ಯಾದಿಂದಲೇ ಅಲ್ಲಿಗೆ ಹೋದದ್ದು. ಅಮೆರಿಕದ ಪಾಕವಿಧಾನ ನೋಡಿಕೊಂಡು ದುಬಾರಿ ಬೆಲೆಯ ಹಳದಿ ಲೆಮನ್ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ಬೆಳ್ಳುಳ್ಳಿ, ಜೀರಿಗೆ ಪುಡಿ, ಮೊಸರು, ಮೇಯನೇಸ್ ಇವುಗಳನ್ನು ಹಾಕುವವರಿದ್ದಾರೆ; ಹಾಕಿದರೆ ಅಪರಾಧವೇನಲ್ಲ, ಆದರೆ ಸರಳ ಗ್ವಾಕಮೋಲೆಗೆ ಇವುಗಳಲ್ಲಿ ಒಂದೂ ಬೇಡ.

ಮೊದಲು ಖಾರ, ಆಮೇಲೆ ಹಣ್ಣು

ಮೆಕ್ಸಿಕೊದ ಮನೆಗಳಲ್ಲಿ ಮೊಲ್ಕಹೆತೆ ಎಂಬ ಮೂರು ಕಾಲಿನ ಕಲ್ಲಿನ ಪಾತ್ರೆಯಿರುತ್ತದೆ. ಜ್ವಾಲಾಮುಖಿಯ ಕಪ್ಪು ಬಸಾಲ್ಟ್ ಶಿಲೆಯಲ್ಲಿ ಕಡೆದ ಅದರ ಒಳಮೈ ಹೊಸದಾಗಿ ಕುಳಿ ಹೊಡೆಸಿದ ಒರಳಿನಂತೆ ತರಿತರಿಯಾಗಿರುತ್ತದೆ. ಅರೆಯುವುದೂ ಅದರಲ್ಲೇ, ಬಡಿಸುವುದೂ ಅದರಲ್ಲೇ. ನಮ್ಮ ಕಲ್ಲಿನ ಕುಟ್ಟಾಣಿ ಅಥವಾ ಚಿಕ್ಕ ಒರಳು ಇದೇ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಕಲ್ಲಿಲ್ಲದ ಮನೆಯಲ್ಲಿ ಮರದ ಹಲಗೆಯ ಮೇಲೆ ಉಪ್ಪಿನ ಸಮೇತ ಎಲ್ಲವನ್ನೂ ಹೆಚ್ಚಿ, ಚಾಕುವಿನ ಅಗಲ ಮೈಯಿಂದ ಒತ್ತಿ ಒತ್ತಿ ಎಳೆದರೂ ಸಾಕಷ್ಟು ನುಣ್ಣಗಾಗುತ್ತದೆ.

ಈರುಳ್ಳಿ ಮತ್ತು ಕೊತ್ತಂಬರಿಯಲ್ಲಿ ಅರ್ಧರ್ಧ ಭಾಗ, ಮೆಣಸಿನಕಾಯಿ ಪೂರ್ತಿ, ಉಪ್ಪು ಪೂರ್ತಿ: ಇಷ್ಟನ್ನು ಕುಟ್ಟಾಣಿಗೆ ಹಾಕಿ. ಮೊದಲು ಜಜ್ಜಿ, ನಂತರ ಗುಂಡನ್ನು ಅಂಚಿಗೆ ಒತ್ತಿ ತಿರುಗಿಸುತ್ತಾ ಅರೆಯಿರಿ. ಕಲ್ಲುಪ್ಪಿನ ಹರಳುಗಳು ಮರಳಿನಂತೆ ಉಜ್ಜುತ್ತವೆ, ಜೊತೆಗೆ ಸೊಪ್ಪು ಈರುಳ್ಳಿಗಳಿಂದ ರಸವನ್ನೂ ಎಳೆಯುತ್ತವೆ. ಒಂದೆರಡು ನಿಮಿಷದಲ್ಲಿ ಈರುಳ್ಳಿಯ ಬಿಳುಪು ಕಾಣದಾಗಿ, ಕಡುಹಸಿರಿನ ಒದ್ದೆ ಮುದ್ದೆಯೊಂದು ತಳದಲ್ಲಿ ಕೂಡುತ್ತದೆ. ಮುಖ ಬಗ್ಗಿಸಿದರೆ ಘಾಟು ಕಣ್ಣಿಗೆ ಹೊಡೆಯಬೇಕು. ಹೊಡೆಯದಿದ್ದರೆ ಇನ್ನೂ ಅರೆಯಬೇಕೆಂದು ಅರ್ಥ.

ಈ ಹಂತವನ್ನು ದಾಟಿಸಿ ಎಲ್ಲವನ್ನೂ ಹೆಚ್ಚಿ ಹಣ್ಣಿಗೆ ಬೆರೆಸಿಬಿಡುವವರೇ ಹೆಚ್ಚು, ಸಪ್ಪೆ ಗ್ವಾಕಮೋಲೆಯ ಮೂಲವೂ ಇಲ್ಲಿದೆ. ಬೆಣ್ಣೆಹಣ್ಣಿನ ತಿರುಳಿನಲ್ಲಿ 100 ಗ್ರಾಂಗೆ ಸುಮಾರು 15 ಗ್ರಾಂ ಕೊಬ್ಬಿದೆ. ಅದು ನಾಲಿಗೆಗೆ ಎಣ್ಣೆ ಹಚ್ಚಿದಂತೆ ಕೂತು ಉಪ್ಪನ್ನೂ ಖಾರವನ್ನೂ ಮಂದಗೊಳಿಸುತ್ತದೆ. ಹೆಚ್ಚಿದ ಮೆಣಸಿನ ಚೂರು ಒಂದು ತುತ್ತಿನಲ್ಲಿ ಸಿಕ್ಕಿ ಉರಿಸುತ್ತದೆ, ಮುಂದಿನ ನಾಲ್ಕು ತುತ್ತಿನಲ್ಲಿ ಇರುವುದೇ ಇಲ್ಲ. ಅರೆದ ಖಾರವಾದರೆ ತಿರುಳಿನ ಎಲ್ಲೆಡೆ ಹರಡಿಕೊಳ್ಳುತ್ತದೆ.

ಹಣ್ಣನ್ನು ಕತ್ತರಿಸುವ ಮೊದಲು ತೊಳೆದು ಒರೆಸಬೇಕು, ಏಕೆಂದರೆ ಸಿಪ್ಪೆಯ ಮೇಲಿನ ಕೊಳೆಯನ್ನು ಚಾಕು ನೇರವಾಗಿ ತಿರುಳಿಗೆ ಸಾಗಿಸುತ್ತದೆ. ಹಲಗೆಯ ಮೇಲೆ ಹಣ್ಣನ್ನು ಮಲಗಿಸಿ, ತೊಟ್ಟಿನಿಂದ ಬುಡದವರೆಗೆ ಬೀಜಕ್ಕೆ ತಾಗುವಂತೆ ಚಾಕು ಇಳಿಸಿ, ಹಣ್ಣನ್ನು ಹೊರಳಿಸುತ್ತಾ ಸುತ್ತಲೂ ಸೀಳಿ. ಎರಡು ಹೋಳುಗಳನ್ನು ಎದುರು ಬದುರು ತಿರುಚಿದರೆ ಬೇರೆಯಾಗುತ್ತವೆ. ಬೀಜವುಳ್ಳ ಹೋಳನ್ನು ಅಂಗೈಯಲ್ಲಿಟ್ಟುಕೊಂಡು ಬೀಜದ ಮೇಲೆ ಚಾಕುವನ್ನು ಕಚ್ಚನೆ ಹೊಡೆದು ತೆಗೆಯುವ ವಿಡಿಯೊಗಳನ್ನು ನೀವು ನೋಡಿರಬಹುದು. ದಯವಿಟ್ಟು ಅದನ್ನು ಅನುಸರಿಸಬೇಡಿ. ಚಾಕು ಜಾರಿ ಅಂಗೈ ಸೀಳಿಕೊಂಡು ಆಸ್ಪತ್ರೆಗೆ ಓಡಿದವರು ಎಷ್ಟಿದ್ದಾರೆಂದರೆ, ಈ ಗಾಯಕ್ಕೆ ಇಂಗ್ಲಿಷಿನಲ್ಲಿ ಈ ಹಣ್ಣಿನ ಹೆಸರಿನದೇ ಒಂದು ಅಡ್ಡಹೆಸರು ಬಿದ್ದಿದೆ. ಆ ಹೋಳನ್ನೂ ಹಲಗೆಯ ಮೇಲಿಟ್ಟು ಉದ್ದಕ್ಕೆ ಇನ್ನೊಮ್ಮೆ ಸೀಳಿದರೆ ಬೀಜ ಬೆರಳಿಗೆ ತಾನೇ ಬರುತ್ತದೆ.

ಊರಿನ ಹಣ್ಣಿನಲ್ಲಿ ಇಲ್ಲೊಂದು ಸೂಕ್ಷ್ಮವಿದೆ. ಬೀಜ ಹೊರಬಂದರೂ ಅದರ ಕಂದು ಹೊಟ್ಟು, ಕಡಲೆಬೀಜದ ಸಿಪ್ಪೆಯಷ್ಟು ತೆಳುವಾದ ಪೊರೆ, ತಿರುಳಿನ ಗುಳಿಗೆ ಅಂಟಿಕೊಂಡು ಉಳಿಯುತ್ತದೆ. ಅದು ಕಹಿ. ಚಮಚದ ತುದಿಯಿಂದ ಅದನ್ನು ಪೂರ್ತಿ ಎಬ್ಬಿಸಿ ತೆಗೆದ ಮೇಲೆಯೇ ತಿರುಳನ್ನು ಮುಟ್ಟಬೇಕು. ಕಪ್ಪು ನಾರಿನ ಎಳೆಗಳು ಕಂಡರೆ ಅವನ್ನೂ ಎಳೆದು ಹಾಕಿ. ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿ: ಹಳೆಯ ಎಣ್ಣೆಯ ಮುಗ್ಗಲು ವಾಸನೆ ಬಂದರೆ ಆ ಹಣ್ಣನ್ನು ಬಿಟ್ಟುಬಿಡಿ, ನಿಂಬೆಹುಳಿ ಅದನ್ನು ಉಳಿಸಲಾರದು.

ತಿರುಳನ್ನು ಚಮಚದಿಂದ ಎತ್ತಿ ಕುಟ್ಟಾಣಿಯ ಖಾರದ ಮೇಲೆ ಹಾಕಿ. ಪಾತ್ರೆ ಚಿಕ್ಕದಾದರೆ ಖಾರವನ್ನೇ ಅಗಲ ಬಟ್ಟಲಿಗೆ ಬಳಿದುಕೊಳ್ಳಬಹುದು. ಮುಳ್ಳುಚಮಚದ ಬೆನ್ನಿನಿಂದ ಒಂದು ಅರ್ಧವನ್ನು ಬೆಣ್ಣೆಯಾಗುವಷ್ಟು ಕಿವುಚಿ, ಇನ್ನರ್ಧವನ್ನು ಕಡಲೆಕಾಳಿನಿಂದ ನೆಲ್ಲಿಕಾಯಿಯವರೆಗಿನ ಗಾತ್ರದ ಉಂಡೆಗಳಾಗಿಯೇ ಉಳಿಸಿ, ತಳದ ಖಾರ ಮೇಲೆ ಬರುವಂತೆ ನಾಲ್ಕೈದು ಸಲ ಮಗುಚಿ. ಅಷ್ಟಕ್ಕೆ ಕೈ ನಿಲ್ಲಿಸಬೇಕು. ಮಿಕ್ಸಿ ಮಾತ್ರ ಸರ್ವಥಾ ಬೇಡ. ನಾನು ಮೊದಲ ಬಾರಿ ಮಾಡಿದಾಗ ಚಿಕ್ಕ ಜಾರ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕಿ, ತಿರುಗದೆ ನಿಂತಾಗ ಎರಡು ಚಮಚ ನೀರನ್ನೂ ಸುರಿದಿದ್ದೆ. ಮಗುವಿಗೆ ತಿನ್ನಿಸುವ ರಾಗಿ ಸರಿಯ ಹದದ ಹಸಿರು ಅಂಬಲಿ ತಯಾರಾಯಿತು, ಅರ್ಧ ಗಂಟೆಯಲ್ಲಿ ಅದು ಕೆಸರಿನ ಬಣ್ಣಕ್ಕೂ ತಿರುಗಿತು. ಮಿಕ್ಸಿಯ ಅಲಗು ತಿರುಳಿನ ಉದ್ದಗಲಕ್ಕೂ ಗಾಳಿಯನ್ನು ಬೆರೆಸುವುದರಿಂದ ಹಾಗಾಗುತ್ತದೆ.

ಕೊನೆಯಲ್ಲಿ ಉಳಿಸಿಟ್ಟ ಈರುಳ್ಳಿ, ಕೊತ್ತಂಬರಿ ಮತ್ತು ನಿಂಬೆರಸ. ಮೆಕ್ಸಿಕೊದ ಅಡುಗೆಯವರಲ್ಲಿ ನಿಂಬೆಯನ್ನೇ ಹಾಕದವರೂ ಇದ್ದಾರೆ. ಒಳ್ಳೆಯ ಹಣ್ಣಿದ್ದಾಗ ಅವರ ಪಕ್ಷವೇ ಸರಿ ಎನಿಸುತ್ತದೆ. ಮೊದಲು ಒಂದು ಸಣ್ಣ ಚಮಚ ಹಾಕಿ ರುಚಿ ನೋಡಿ. ಹುಳಿ ನಾಲಿಗೆಗೆ ಹುಳಿಯೆಂದೇ ಗೊತ್ತಾಗಬಾರದು, ಹಣ್ಣಿನ ಜಿಡ್ಡು ತುಸು ಹಗುರವಾದಂತೆ ಅನ್ನಿಸಿದರೆ ಸಾಕು. ಉಪ್ಪಿನ ರುಚಿಯನ್ನು ಬರಿ ಚಮಚದಿಂದ ಅಳೆಯಬೇಡಿ, ಯಾವುದರ ಜೊತೆ ತಿನ್ನುತ್ತೀರೋ ಅದರಲ್ಲೇ ಅದ್ದಿ ನೋಡಿ. ಉಪ್ಪು ಬೆರೆತ ಚಿಪ್ಸ್‌ಗೆ ಸರಿಯಾದ ಉಪ್ಪು ರೊಟ್ಟಿಗೆ ಸಾಲದು.

ಟೊಮೆಟೊ ಹಾಕುವುದಾದರೆ ಬೀಜ ಮತ್ತು ಲೋಳೆಯನ್ನು ಪೂರ್ತಿ ತೆಗೆದು, ಗಟ್ಟಿ ಭಾಗವನ್ನು ಮಾತ್ರ ಸಣ್ಣಗೆ ಹೆಚ್ಚಿ, ಬಡಿಸುವ ಹೊತ್ತಿಗೆ ಬೆರೆಸಬೇಕು.

ಕೊಡಗಿನ ಹಣ್ಣಿನ ಹದ

ನೀರು ಬಿಡುವ ಹಣ್ಣಾದರೆ ತಿರುಳನ್ನು ತೆಗೆದು, ಚಿಟಿಕೆ ಉಪ್ಪು ಸವರಿ, ಜರಡಿಯಲ್ಲಿ ಹತ್ತು ನಿಮಿಷ ಬಿಟ್ಟರೆ ಒಂದೆರಡು ಚಮಚ ನೀರು ಕೆಳಗಿಳಿಯುತ್ತದೆ. ಆ ಚಿಟಿಕೆಯನ್ನು ಒಟ್ಟು ಉಪ್ಪಿನ ಲೆಕ್ಕದಲ್ಲಿ ಕಳೆಯಿರಿ. ಕಿವುಚುವುದು ಇನ್ನೂ ಕಡಿಮೆಯಿರಲಿ, ಮುಕ್ಕಾಲು ಪಾಲು ಉಂಡೆಯಾಗಿಯೇ ಉಳಿಯಲಿ. ಟೊಮೆಟೊ ಬೇಡ, ನಿಂಬೆರಸ ಅರ್ಧಕ್ಕಿಳಿಸಿ, ಖಾರವನ್ನು ತುಸು ಏರಿಸಿ. ಈ ಹಣ್ಣಿನಲ್ಲಿ ಹಾಸ್‌ನ ಗೋಡಂಬಿ, ಬಾದಾಮಿಯಂತಹ ಕಮ್ಮನೆಯ ರುಚಿ ಸಿಗದು. ಅದರ ಬದಲು ಎಳೆಯ, ತಂಪಾದ, ತುಸು ಸಿಹಿಯೆನಿಸುವ ರುಚಿಯಿದೆ, ಅದಕ್ಕೆ ಖಾರ ಚೆನ್ನಾಗಿ ಒಪ್ಪುತ್ತದೆ.

ಕಪ್ಪಾಗದಂತೆ ಇಡುವುದು

ಕತ್ತರಿಸಿದ ಬದನೆಕಾಯಿ, ಬಾಳೆಕಾಯಿ ಕಪ್ಪಾಗುವುದು ಯಾವ ಕಾರಣಕ್ಕೋ ಇದೂ ಅದೇ ಕಾರಣಕ್ಕೆ. ತಿರುಳಿನ ಕೋಶಗಳು ಒಡೆದಾಗ ಅದರೊಳಗಿನ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಗಾಳಿಯ ಆಮ್ಲಜನಕದ ನೆರವಿನಿಂದ ಫಿನಾಲ್‌ಗಳನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ. ನಿಂಬೆಹುಳಿ ಈ ಕಿಣ್ವವನ್ನು ನಿಧಾನಗೊಳಿಸುತ್ತದೆ, ತಂಪು ಕೂಡ. ಆದರೆ ತಡೆಯುವುದು ಗಾಳಿಗೆ ಒಡ್ಡಿದ ಅಡ್ಡಗೋಡೆಯೊಂದೇ. ಬಟ್ಟಲಿನ ನಡುವೆ ಬೀಜವನ್ನು ಇಟ್ಟರೆ ಕಪ್ಪಾಗದು ಎಂಬ ನಂಬಿಕೆ ದೂರದೂರಕ್ಕೆ ಹಬ್ಬಿದೆ. ಬೀಜ ಎತ್ತಿ ನೋಡಿದರೆ ಅದರ ಕೆಳಗಿನ ಒಂದು ರೂಪಾಯಿಯಗಲದ ಜಾಗ ಮಾತ್ರ ಹಸಿರಾಗಿರುತ್ತದೆ, ಅದೂ ಬೀಜ ಗಾಳಿಯನ್ನು ಮರೆಮಾಡಿದ್ದರಿಂದ.

ಚಿಕ್ಕ ಡಬ್ಬಿಗೆ ಒತ್ತಿ ತುಂಬಿ, ಮೇಲ್ಮೈಯನ್ನು ಚಮಚದಿಂದ ಸಮಮಾಡಿ, ಅಡುಗೆ ಪ್ಲಾಸ್ಟಿಕ್ ಹಾಳೆಯನ್ನು ಗುಳ್ಳೆ ಉಳಿಯದಂತೆ ನೇರವಾಗಿ ತಿರುಳಿಗೇ ಅಂಟಿಸಿ ಮುಚ್ಚಳ ಹಾಕಬೇಕು. ಪ್ಲಾಸ್ಟಿಕ್ ಒಲ್ಲದವನಾದ ನಾನು ಬೆಂಕಿಯ ಮೇಲೆ ಬಾಡಿಸಿ ಆರಿಸಿದ ಬಾಳೆಲೆಯ ತುಂಡನ್ನು ಡಬ್ಬಿಯ ಬಾಯಿಯ ಅಳತೆಗೆ ಕತ್ತರಿಸಿ, ನುಣುಪು ಮೈ ಕೆಳಗಾಗುವಂತೆ ಒತ್ತುತ್ತೇನೆ. ಫ್ರಿಜ್‌ನಲ್ಲಿ ಮರುದಿನದವರೆಗೆ ಇರುತ್ತದೆ. ಅಂಚಿನಲ್ಲಿ ಕಂದಿದ ಪದರ ಕಂಡರೆ ಕೆರೆದು ತೆಗೆದರಾಯಿತು. ಇಡೀ ಹಣ್ಣನ್ನು ನೀರಿನಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಡುವ ಉಪಾಯವೊಂದು ಜಾಲತಾಣಗಳಲ್ಲಿ ಓಡಾಡುತ್ತಿದೆ. ಸಿಪ್ಪೆಯ ಮೇಲಿನ ಸಾಲ್ಮೊನೆಲ್ಲಾ, ಲಿಸ್ಟೀರಿಯಾದಂತಹ ರೋಗಾಣುಗಳು ಆ ನೀರಿನಲ್ಲಿ ಹೆಚ್ಚಬಹುದಾದ್ದರಿಂದ ಅದು ಬೇಡ. ಮನೆಯಲ್ಲಿ ಗಿಳಿ ಅಥವಾ ಲವ್ ಬರ್ಡ್ಸ್ ಸಾಕಿದ್ದರೆ ಇನ್ನೊಂದು ಎಚ್ಚರಿಕೆ: ಈ ಹಣ್ಣಿನಲ್ಲಿರುವ ಪರ್ಸಿನ್ ಎಂಬ ರಾಸಾಯನಿಕ ಹಕ್ಕಿಗಳಿಗೆ ವಿಷ, ಸಿಪ್ಪೆಯ ಚೂರನ್ನೂ ಪಂಜರದ ಹತ್ತಿರ ಬಿಡಬಾರದು.

ಯಾವುದರ ಜೊತೆ

ಮೆಕ್ಸಿಕೊದಲ್ಲಿ ಇದರ ಜೊತೆಗಾರ ಟೊಟೊಪೊ, ಅಂದರೆ ತೋರ್ತಿಯಾ ಎಂಬ ಮುಸುಕಿನ ಜೋಳದ ತೆಳುರೊಟ್ಟಿಯನ್ನು ತುಂಡರಿಸಿ ಕರಿದದ್ದು. ಆ ಜೋಳವನ್ನು ಮೊದಲು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ರುಬ್ಬುತ್ತಾರೆ. ಟೊಟೊಪೊಗೆ ಆ ವಿಶಿಷ್ಟ ಪರಿಮಳ ಬರುವುದು ಸುಣ್ಣದಿಂದಲೇ. ತೋರ್ತಿಯಾದಲ್ಲಿ ಹೂರಣವಿಟ್ಟು ಮಡಚಿದ ಟಾಕೊದ ಮೇಲೂ ಒಂದು ಚಮಚ ಬೀಳುತ್ತದೆ. ಇಲ್ಲಿ ಪೊಟ್ಟಣದ ನಾಚೋಸ್ ಸಿಗುತ್ತವೆ, ಆದರೆ ಅವುಗಳಲ್ಲಿ ಮಸಾಲೆ ಹಚ್ಚಿದವು ಬೇಡ. ನನಗೆ ಹೆಚ್ಚು ಹಿಡಿಸಿದ್ದು ಉತ್ತರ ಕರ್ನಾಟಕದ ಕಡಕ್ ಜೋಳದ ರೊಟ್ಟಿ: ಜಿಡ್ಡಿಲ್ಲ, ಗಟ್ಟಿಯಾಗಿ ಎತ್ತುತ್ತದೆ, ನಡುವೆ ಮುರಿದು ಬಟ್ಟಲಿಗೆ ಬೀಳುವುದಿಲ್ಲ. ಬಡಿಸುವ ಅರ್ಧ ಗಂಟೆ ಮೊದಲು ಫ್ರಿಜ್‌ನಿಂದ ಹೊರತೆಗೆಯಿರಿ, ತೀರ ತಣ್ಣಗಿದ್ದರೆ ಕೊಬ್ಬು ಹೆಪ್ಪುಗಟ್ಟಿದಂತಾಗಿ ರುಚಿ ಏಳುವುದಿಲ್ಲ.

ತೋಟದವರ ಮನೆಯಿಂದ ಒಮ್ಮೆಲೇ ಒಂದು ಚೀಲ ಹಣ್ಣು ಬಂದಿಳಿದಾಗ ಗ್ವಾಕಮೋಲೆ ಮಾಡಿ ಫ್ರೀಜರಿನಲ್ಲಿಡುವ ಯೋಚನೆ ಬರುತ್ತದೆ. ಈರುಳ್ಳಿ ಟೊಮೆಟೊ ಬೆರೆತದ್ದು ಕರಗಿದಾಗ ನೀರಾಗುತ್ತದೆ, ಆದ್ದರಿಂದ ಬರಿಯ ತಿರುಳನ್ನೇ ಇಡಬೇಕು: 200 ಗ್ರಾಂಗೆ ಒಂದು ದೊಡ್ಡ ಚಮಚ ನಿಂಬೆರಸ ಸೇರಿಸಿ ಕಿವುಚಿ, ಜಿಪ್ ಚೀಲದಲ್ಲಿ ಹೋಳಿಗೆಯಷ್ಟು ತೆಳ್ಳಗೆ ಹರಡಿ, ಗಾಳಿ ಹಿಂಡಿ ತೆಗೆದು, ತಾರೀಖು ಬರೆದು ಮಲಗಿಸಿಡಿ. ಮೂರು ತಿಂಗಳ ಒಳಗೆ ಬಳಸಿ. ಹಿಂದಿನ ರಾತ್ರಿ ಫ್ರಿಜ್‌ನ ಕೆಳಭಾಗಕ್ಕೆ ಇಳಿಸಿದರೆ ಬೆಳಗಿನ ಹೊತ್ತಿಗೆ ಕರಗಿರುತ್ತದೆ. ಮೇಲೆ ನಿಂತ ನೀರನ್ನು ಬಸಿದು, ಆಗಷ್ಟೇ ಅರೆದ ಖಾರಕ್ಕೆ ಬೆರೆಸಿ. ಉಂಡೆಗಳು ಉಳಿದಿರುವುದಿಲ್ಲವಾದ್ದರಿಂದ ಹೆಚ್ಚಿದ ಈರುಳ್ಳಿಯನ್ನು ಒಂದು ಚಮಚ ಹೆಚ್ಚಿಗೆ ಹಾಕಬೇಕು. ನಿಂಬೆರಸ ಆಗಲೇ ಸೇರಿರುತ್ತದೆ, ಮತ್ತೆ ಹಿಂಡಬೇಡಿ.